ದಣಿಯ ಕಾಡಿನಲ್ಲಿ ದೇವರೇ

"ಸ್ಮಶಾನ ಅಂತೆ ಸ್ಮಶಾನ. ನಾಕು ಒಡುದ್ ಬಸಿ, ಎರಡು ಕೈಮುರುದ್ ಕಪ್ಪು ಬಿದ್ದಿರೋ ತಿಪ್ಪೇನ ಸ್ಮಶಾನ ಅಂತೀರಲ್ಲ, ಸೂಳೆಮಕ್ಳಾ."

ಸ್ಟ್ರೌಡ್ ದಣಿ ಕುದುರೆಯ ಮೇಲೆ ಕೂತೇ ಹೇಳಿದ. ನಾವು ಬಗ್ಗಿಸಿದ ಸೊಂಟ ಎತ್ತದೆ ಕೇಳಿದೆವು. ಹತ್ತಿ ಬಿಡಿಸುವವರು ತಲೆ ಎತ್ತಿದರೆ ಅವನ ಪಾಲಿಗೆ ಅದು ಎದುರುತ್ತರ. ಉಳಿದದ್ದನ್ನು ಕುದುರೆ ತಿರುಗಿಸುತ್ತಲೇ ಹೇಳಿ ಮುಗಿಸಿದ. ಹೊಳೆದಂಡೆಯ ಗಮ್ ಮರಗಳನ್ನು ಚಿಕಾಗೋದ ಪೆಟ್ಟಿಗೆ ಕಂಪನಿಗೆ ಮಾರಿಯಾಗಿದೆ. ಹತ್ತಿ ಮುಗಿದ ಮಾರನೆಯ ದಿನವೇ ಕೊಡಲಿ ಹಿಡಿಯಬೇಕು. ಹಿಡಿಯುವವರು ನಾವೇ. ಬುಡ ಕಿತ್ತ ಮೇಲೆ ಆ ನೆಲಕ್ಕೂ ನೇಗಿಲು.

ಆ ಗಮ್ ಮರಗಳ ಕೆಳಗೆ ನಮ್ಮವರೆಲ್ಲ ಮಲಗಿದ್ದಾರೆ. ಸತ್ತವರು ಕಡೆಯ ಸಲ ಕುಡಿದ ಕಪ್ಪನ್ನು ಒಡೆದು ಅವರ ಮಣ್ಣಿನ ಮೇಲೆ ಇಡುವುದು ನಮ್ಮ ಕ್ರಮ. ಒಡೆಯದೆ ಇಟ್ಟರೆ ಮನೆಯವರನ್ನೂ ಬಾ ಎಂದು ಕರೆಯುತ್ತಾರಂತೆ. ದೊಡ್ಡ ನೆರೆಯ ವರ್ಷ ಜ್ವರದಲ್ಲಿ ಹೋದ ನನ್ನ ಮಗಳ ಮೇಲೆ ನೀಲಿ ಅಂಚಿನ ಬಟ್ಟಲೊಂದಿದೆ. ಪಕ್ಕದ ಸಾಲಿನಲ್ಲಿ ಹತ್ತಿ ಬಿಡಿಸುತ್ತಿದ್ದ ಜಿಪ್ಪೋರಾ ಅತ್ತೆಯ ಗಂಡ, ಮೂವರು ಮಕ್ಕಳು, ತಾಯಿ, ತಾಯಿಯ ತಾಯಿ ಎಲ್ಲ ಅಲ್ಲಿದ್ದಾರೆ. ಆ ತಾಯಿಯ ತಾಯಿಯನ್ನು ಸ್ಟ್ರೌಡನ ಅಜ್ಜ ಸಂತೆಯಲ್ಲಿ ಕೊಂಡು ತಂದಿದ್ದ.

ಅತ್ತೆ ಚೀಲದ ಪಟ್ಟಿಯನ್ನು ಹೆಗಲ ಮೇಲೆ ಸರಿಪಡಿಸಿಕೊಂಡು, ದೇವರು ನೋಡುತ್ತಾನೆ ಎಂದಷ್ಟೇ ಅಂದಳು. ಮುಂದಿನ ಸಾಲಿನಲ್ಲಿದ್ದ ಒಬೆಡ್, ನೋಡುವುದಾದರೆ ಬೇಗ ನೋಡಲಿ, ಕೊಡಲಿ ಮಸೆಯುವ ಕೆಲಸ ದಣಿ ನನಗೇ ಹೇಳಿದ್ದಾನೆ ಎಂದ. ಅತ್ತೆಗೆ ಅವನ ಬಾಯಿ ಇಷ್ಟವಿಲ್ಲ. ಆದರೂ ಅವತ್ತು ಬೈಯಲಿಲ್ಲ.

ಅದಾಗಿ ನಾಲ್ಕನೆಯ ದಿನ ರಾಜಧಾನಿಯಿಂದ ಒಬ್ಬ ಸಾಹೇಬ ಬಂದ. ಫೆಲ್ಪ್ಸ್ ಎಂದು ಹೆಸರು. ಕುತ್ತಿಗೆಯಲ್ಲಿ ದುರ್ಬೀನು, ಕೈಯಲ್ಲಿ ನೋಟ್‌ಬುಕ್ಕು, ಬಿಸಿಲಿಗೆ ಸುಲಿದ ಕೆಂಪು ಮೂಗು. ಲೂಸಿಯಾನ ರಾಜ್ಯದ ಚರಿತ್ರೆ, ಭೂಗೋಳ, ಪ್ರಾಣಿಪಕ್ಷಿ, ವ್ಯಾಪಾರ ನಾಲ್ಕನ್ನೂ ಒಂದೇ ಪುಸ್ತಕದಲ್ಲಿ ತರುವ ಕೆಲಸವನ್ನು ಸರ್ಕಾರ ಅವನಿಗೆ ವಹಿಸಿತ್ತು. ಚರಿತ್ರೆಯನ್ನು ದಣಿ ಜಗಲಿಯ ಮೇಲೆ ಕೂತು ಹೇಳಿದ. ನಮ್ಮಜ್ಜ ಬರಿಗೈಯಲ್ಲಿ ಈ ಕಾಡು ಕಡಿದ ಎಂದು ಹೇಳಿದನಂತೆ. ಅಡುಗೆಮನೆಯಲ್ಲಿ ಬೆಂಡೆಕಾಯಿ ಹೆಚ್ಚುತ್ತಿದ್ದ ನಮ್ಮ ಹುಡುಗಿ ಕಿವಿಯಾರೆ ಕೇಳಿ ಬಂದು ಹೇಳಿದಳು. ಚರಿತ್ರೆಯಲ್ಲಿ ನಾವು ಬರಲಿಲ್ಲ. ವ್ಯಾಪಾರದ ಪಾಠದಲ್ಲಿ ಹೇಸರಗತ್ತೆಗಳ ನಂತರ ಒಂದು ಸಾಲು ಬಂದೆವು. ಪ್ರಾಣಿಪಕ್ಷಿಗಳ ಪಾಠಕ್ಕೆ ಬಂದಾಗ ದಣಿ ಆಕಳಿಸಿ, ಅದನ್ನೆಲ್ಲ ಹೊಲದಲ್ಲಿರುವ ಕರಿಯರನ್ನು ಕೇಳಿಕೊಳ್ಳಿ, ಅವುಗಳ ನೆಂಟರು ಅವರು ಎಂದನಂತೆ.

ಹಾಗಾಗಿ ದುರ್ಬೀನು ಸಾಹೇಬ ನಮ್ಮ ಸಾಲಿಗೆ ಬಂದು ಜಿಪ್ಪೋರಾ ಅತ್ತೆಯ ಮುಂದೆ ನಿಂತ.

ಅವನು ಹುಡುಕುತ್ತಿದ್ದದ್ದು ಒಂದು ಹಕ್ಕಿಯನ್ನು. ದೊಡ್ಡ ಮರಕುಟಿಗ, ಕೆಂಪು ಜುಟ್ಟು, ದಂತದ ಬಣ್ಣದ ಕೊಕ್ಕು. ಎಲ್ಲಿಯೂ ಕಾಣದೆ ಹತ್ತಾರು ವರ್ಷವಾಗಿತ್ತಂತೆ. ನಾವು ಅದನ್ನು ಬಡಗಿ ಎನ್ನುತ್ತಿದ್ದೆವು. ನಾನು ಸಣ್ಣವಳಿದ್ದಾಗ ಒಮ್ಮೆ ಕಂಡದ್ದು, ಆಮೇಲೆ ಇಲ್ಲ. ಹೊಳೆಯಾಚೆ ಬಲೆ ಹಾಕುವ ಬೇಟೆಗಾರರು ಮಾತ್ರ ಅದಕ್ಕೆ 'ದೇವರೇ' ಎಂದು ಹೆಸರಿಟ್ಟಿದ್ದರು. ರೆಕ್ಕೆ ಬಿಚ್ಚಿ ಎದುರಿಗೆ ಹಾರಿದರೆ ಯಾರ ಬಾಯಿಂದಲೂ 'ಅಯ್ಯೋ ದೇವರೇ' ಎಂದೇ ಬರುತ್ತದಂತೆ, ಅದಕ್ಕೆ. ಇದು ಯಾವುದೂ ಆವತ್ತು ನಮಗೆ ತಿಳಿಯದು. ಸಾಹೇಬ ಓದಿದ್ದ ಯಾವುದೋ ಪುಸ್ತಕದಲ್ಲಿ ಯಾರೋ ಅದು ನಮ್ಮ ಜನದ ಮಾತು ಎಂದು ಬರೆದಿದ್ದರು. ನಮ್ಮ ಮಾತಿನಲ್ಲೇ ನಮ್ಮನ್ನು ಕೇಳುವುದು ಮರ್ಯಾದೆ ಎಂದು ಆ ಪುಣ್ಯಾತ್ಮ ಅಂದುಕೊಂಡ.

"ಅಮ್ಮಾ, ಈ ಕಾಡಿನಲ್ಲಿ ದೇವರೇ ಇದೆಯೇ?" ಎಂದ.

ಬಿಳಿಯರ ಬಾಯಲ್ಲಿ ಅಮ್ಮ ಎಂದು ಕರೆಸಿಕೊಂಡು ಅತ್ತೆಗೆ ರೂಢಿಯಿಲ್ಲ.

"ದೇವ್ರೇ ಐತೆ ಸಾಹೇಬ್ರೇ. ಇಲ್ಲ ಅಂದೋರ್ಯಾರು?"

ಸಾಹೇಬ ನೋಟ್‌ಬುಕ್ಕು ಬಿಡಿಸಿದ. ಕಣ್ಣಾರೆ ಕಂಡಿದ್ದೀಯಾ ಎಂದು ಕೇಳಿದ. ಕಂಡಂತೆಯೇ, ದಿನವೂ ಎಂದಳು. ಎಷ್ಟಿವೆ ಎಂದು ಕೇಳಿದ.

"ಒಂದೇ. ಎರಡೈತೆ ಅಂದ್ರೆ ನರಕಕ್ ಹೋಗ್ತೀನಿ."

ಅವನು 'ಒಂದೇ' ಎಂದು ಬರೆದುಕೊಂಡು ಎರಡು ಸಲ ಗೆರೆ ಎಳೆದ. ಮಕ್ಕಳು ಮರಿ ಇತ್ತೇ ಎಂದು ಕೇಳಿದ. ಅತ್ತೆಯ ಮುಖ ಸಣ್ಣಗಾಯಿತು.

"ಒಬ್ಬ ಮಗ ಇದ್ದ. ಜನಾನೇ ಸೇರಿ ಕೊಂದಾಕಿದ್ರು. ಮರಕ್ಕಿಟ್ಟು ಮೊಳೆ ಹೊಡುದ್ರು."

"ಯಾರು?" ಸಾಹೇಬನ ಕಣ್ಣಲ್ಲಿ ನೀರಾಡಿತು.

"ಆಗಿನ್ ಸರ್ಕಾರ್ದೋರೇಯ."

ಇದನ್ನು ಅವನು ಬರೆದುಕೊಳ್ಳಲಿಲ್ಲ. ಧ್ವನಿ ಕೇಳಿದ್ದೀಯಾ ಎಂದ. ಗಂಡನನ್ನು ಮಣ್ಣಿಗಿಟ್ಟ ದಿನ ಕೇಳಿದೆ, ಸಣ್ಣ ದನಿ, ಗಾಳಿ ನಿಂತ ಮೇಲೆ ಬಂತು ಎಂದಳು. ಎಲ್ಲಿ ಎಂದ. ಅತ್ತೆ ಮುಳ್ಳು ಗೀರಿದ ಬೆರಳೆತ್ತಿ ಗಮ್ ಮರಗಳ ಕಡೆ ತೋರಿಸಿದಳು. ಏನು ತಿನ್ನುತ್ತದೆ ಎಂದು ಕೇಳಿದ್ದಕ್ಕೆ ಮಾತ್ರ ಅವಳಿಗೆ ಸ್ವಲ್ಪ ಸಿಟ್ಟು ಬಂತು. ಅದಕ್ಕೆ ಯಾರೂ ತಿನ್ನಿಸಬೇಕಾಗಿಲ್ಲ, ಅದೇ ನಮಗೆ ಉಣಿಸುವುದು ಎಂದಳು. ಸಾಹೇಬ 'ಆಹಾರ ತಿಳಿಯದು' ಎಂದು ಬರೆದು, ಟೋಪಿ ತೆಗೆದು, ವಂದನೆ ಹೇಳಿ ಓಡಿದ.

ನಾನು ಪಕ್ಕದಲ್ಲೇ ಇದ್ದೆ. ಕೊನೆಗೂ ಸರ್ಕಾರಕ್ಕೆ ಭಕ್ತಿ ಬಂತು ಎಂದೇ ನಂಬಿದೆ.

ಎರಡು ವಾರದ ಮೇಲೆ ಇಬ್ಬರು ಬಂದು ಗಮ್ ಮರಗಳಿಗೆ ಬಿಳಿ ಬೋರ್ಡು ಹೊಡೆದು ಹೋದರು. ನಮ್ಮಲ್ಲಿ ಓದು ಬರುವವನು ಒಬೆಡ್ ಒಬ್ಬನೇ. ಓದುತ್ತಾ ಓದುತ್ತಾ ನೆಲಕ್ಕೆ ಕೂತ. ಅಳುತ್ತಿದ್ದಾನೆ ಅಂದುಕೊಂಡೆವು. ನಗುತ್ತಿದ್ದ. ಉಸಿರು ಬಂದ ಮೇಲೆ, ಪ್ರಾರ್ಥನೆಯಲ್ಲಿ ಹಿರಿಯರು ಒಂದೊಂದೇ ಸಾಲು ಹೇಳಿ ನಮ್ಮಿಂದ ಹಾಡಿಸುವಂತೆ, ಸಾಲು ಸಾಲಾಗಿ ಹೇಳಿಕೊಟ್ಟ. ಇದು ದೇವರೇ ಹಕ್ಕಿಯ ತಾಣ. ಇಲ್ಲಿ ಮರ ಕಡಿಯಬಾರದು. ಗುಂಡು ಹಾರಿಸಬಾರದು. ಗೂಡು ಕಟ್ಟಿದ ಯಾವ ಜೀವವನ್ನೂ ಎಬ್ಬಿಸಬಾರದು. ಸರ್ಕಾರದ ಅಪ್ಪಣೆ.

ಅರ್ಥವಾದಾಗ ಎಲ್ಲರೂ ನಕ್ಕರು, ಅತ್ತೆಯೊಬ್ಬಳನ್ನು ಬಿಟ್ಟು. ಅವಳು ಹೋಗಿ ಗಂಡನ ಮಣ್ಣಿನ ಪಕ್ಕ ಕೂತಳು.

"ನಾ ಸುಳ್ಳಾಡಿದ್ನೇ ಮಿಂಟಿ?" ಎಂದು ನನ್ನನ್ನು ಕೇಳಿದಳು.

ಒಬೆಡ್ ಬಂದು, ಅವಳು ಕೊಟ್ಟ ಉತ್ತರಗಳನ್ನೆಲ್ಲ ಒಂದೊಂದಾಗಿ ಎತ್ತಿ ಹಿಡಿದು, ಇದು ಸುಳ್ಳೇ, ಇದು ಸುಳ್ಳೇ ಎಂದು ಕೇಳಿದ. ಒಂದೂ ಅಲ್ಲ. ಬೈಬಲ್ಲಿನಲ್ಲಿ ಇಲ್ಲದ ಒಂದು ಮಾತೂ ಅದರಲ್ಲಿರಲಿಲ್ಲ. ತಪ್ಪು ಕೇಳಿಸಿಕೊಂಡವನು ಸಾಹೇಬ. ತಿದ್ದಬೇಕಲ್ಲ ಎಂದಳು ಅತ್ತೆ. ಒಬೆಡ್ ತಲೆ ಕೆರೆದುಕೊಂಡ.

"ಬಿಳಿಯರ್ ಮಾತ್ ತಿದ್ದಬಾರ್ದು ಅಂತ ದಣಿ ನನ್ ಬೆನ್ನ್ ಮ್ಯಾಲೆ ಬರೆದವ್ನೆ ಅತ್ತೆ. ಬೇಕಾರೆ ಅಂಗಿ ಬಿಚ್ಚಿ ತೋರುಸ್ಲಾ?"

ಅತ್ತೆ ಒಂದು ದಿನ ಉಪವಾಸವಿದ್ದಳು. ಮಾರನೆಯ ದಿನ ಜೋಳದ ರೊಟ್ಟಿ ಮುರಿಯುತ್ತಾ, ಕೇಳಿದ್ದಕ್ಕೆ ನಿಜ ಹೇಳುತ್ತೇನೆ, ಕೇಳದ್ದಕ್ಕೆ ಬಾಯಿ ಹಾಕುವುದಿಲ್ಲ ಎಂದಳು. ಅವಳ ತುಟಿಯಂಚಿನಲ್ಲಿ ಏನೋ ಆಡಿತು. ನಲವತ್ತು ವರ್ಷದಲ್ಲಿ ನಾನು ಕಾಣದ್ದು.

ಭಾನುವಾರ ಪ್ರಾರ್ಥನೆ ಬಿಡುವ ಹೊತ್ತಿಗೆ ನಮ್ಮ ಹಲಗೆಯ ಇಗರ್ಜಿಯ ಮುಂದೆ ದಣಿಯ ಮೋಟಾರು ನಿಂತಿತು. ದಣಿಯ ಜೊತೆ ಅವರ ಇಗರ್ಜಿಯ ಪಾದ್ರಿ ಮ್ಯಾಬ್ರಿ, ಹಿಂದಿನ ಸೀಟಿನಲ್ಲಿ ದುರ್ಬೀನು ಸಾಹೇಬ. ದಣಿ ಒಂದು ಕಾಗದ ಬರೆಸಿ ತಂದಿದ್ದ. ಅತ್ತೆ ಬೈಬಲ್ಲು ಮುಟ್ಟಿ ಅದಕ್ಕೆ ಹೆಬ್ಬೆಟ್ಟು ಒತ್ತಿದರೆ ಬೋರ್ಡು ಕೀಳಬೇಕು, ಇಲ್ಲವಾದರೆ ಒಂದು ವರ್ಷ ಇರುತ್ತದೆ ಎಂದು ದಣಿಗೂ ಸಾಹೇಬನಿಗೂ ಮಾತಾಗಿತ್ತು. ಪಾದ್ರಿ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡು ಬೈಬಲ್ಲು ಚಾಚಿದ, ಅವಳ ಬೆರಳು ತನಗೆ ತಾಗದಷ್ಟು ದೂರಕ್ಕೆ.

"ಒತ್ತೇ ಮುದುಕಿ. ನಂಗೆ ಕೆಲ್ಸ ಐತೆ," ಎಂದ ದಣಿ.

ಅತ್ತೆ, ತನಗೆ ಅಕ್ಷರ ಬಾರದು, ದೇವರ ಪುಸ್ತಕ ಮುಟ್ಟುವ ಮೊದಲು ಏನು ಬರೆದಿದೆಯೋ ತಿಳಿಯಬೇಕು ಎಂದು ಬಹಳ ಮೆಲ್ಲಗೆ ಹೇಳಿದಳು. ಸಾಹೇಬ, ಅದು ನ್ಯಾಯ, ಓದಿ ಎಂದ. ದಣಿ ಕಾಗದ ಬಿಡಿಸಿ, ಹೊಲದ ಆ ತುದಿಗೂ ಕೇಳುವ ತನ್ನ ಗಂಟಲಲ್ಲಿ ಓದಿದ.

"ಸ್ಟ್ರೌಡರ ಕಾಡಿನಲ್ಲಿ ದೇವರೇ ಇಲ್ಲ."

ನಮ್ಮ ಅರವತ್ತು ಜನ ಮೆಟ್ಟಿಲ ಮೇಲೆ ನಿಂತಿದ್ದರು. ಒಬ್ಬರೂ ಕೆಮ್ಮಲಿಲ್ಲ.

"ಇನ್ನೊಂದ್ ಸಲ ಓದಿ ದಣಿ. ಕಿವಿ ಮಂದ."

"ಸ್ಟ್ರೌಡರ ಕಾಡಿನಲ್ಲಿ ದೇವರೇ ಇಲ್ಲ. ಹಿಂದೆಯೂ ಇರಲಿಲ್ಲ." ಅವನ ಕುತ್ತಿಗೆಯ ನರ ಎದ್ದಿತ್ತು. "ನಮ್ಮಪ್ಪನ್ ಕಾಲ್ದಿಂದ್ಲೂ ದೇವ್ರೇ ಇಲ್ಲ ಕಣೇ ಇಲ್ಲಿ. ಇನ್ನೇನ್ ಬೇಕು ನಿಂಗೆ?"

ಪಾದ್ರಿ ಮ್ಯಾಬ್ರಿ ಬೈಬಲ್ಲನ್ನು ಒಂದು ಗೇಣು ಹಿಂದಕ್ಕೆ ಎಳೆದುಕೊಂಡ. ಮಾತನ್ನು ಸ್ವಲ್ಪ ಬೇರೆ ತರದಲ್ಲಿ ಹೇಳಿದರೆ ಒಳ್ಳೆಯದು ಎಂದು ದಣಿಯ ಕಿವಿಯಲ್ಲಿ ಹೇಳಿದ್ದು ನಮಗೂ ಕೇಳಿಸಿತು.

ಅತ್ತೆ ಒಂದು ಹೆಜ್ಜೆ ಮುಂದೆ ಬಂದು ಆ ಹಿಂದೆ ಸರಿದ ಬೈಬಲ್ಲಿನ ಮೇಲೆ ಅಂಗೈ ಊರಿದಳು.

"ನಿಮ್ ಮನೇಲಿ ನಿಮ್ಮಪ್ಪನ್ ಕಾಲ್ದಿಂದ್ಲೂ ಇಲ್ಲ ದಣಿ, ಅದು ನಂಗೂ ಗೊತ್ತು. ಕಾಡಲ್ಲಿ ಐತೆ. ಈ ಪುಸ್ತಕದಾಣೆ ಐತೆ."

ಸಾಹೇಬ ಕಾರಿನಿಂದ ಇಳಿದು ಅವಳ ಕೈ ಕುಲುಕಿದ. ಎಲ್ಲರ ಎದುರಿಗೆ. ಮೆಟ್ಟಿಲ ಮೇಲಿನಿಂದ ಒಬೆಡ್ ಗಂಭೀರವಾಗಿ ಆಮೆನ್ ಎಂದ. ಅರವತ್ತು ಜನವೂ ಆಮೆನ್ ಎಂದೆವು. ಪಾದ್ರಿಯ ಬಾಯಿಂದಲೂ ರೂಢಿಬಲದಿಂದ ಅದೇ ಬಂತು.

ಸೋಮವಾರ ಬೆಳಗ್ಗೆ ದಣಿ ಆಳುಗಳನ್ನು ಕಳಿಸಿ ಅತ್ತೆಯ ಗುಡಿಸಲಿನ ಬಾಗಿಲು ಕೀಳಿಸಿದ. ಗುಡಿಸಲು ಅವನದು, ಬಾಗಿಲೂ ಅವನದು. ಅವಳ ಮಂಚ, ಒಲೆಯ ಕೊಳವೆ, ಎರಡು ಪಾತ್ರೆ, ಹೊದಿಕೆಗಳನ್ನು ದಾರಿಗೆ ಎಸೆದರು. ಈ ಸೂಳೆ ನನ್ನ ಗಡಿಯೊಳಗೆ ಕಂಡರೆ ನಾಯಿ ಬಿಡುತ್ತೇನೆ ಎಂದು ಹೇಳಿಕಳಿಸಿದ್ದ. ಅವಳಿಗೆ ಎಪ್ಪತ್ತೊಂದು. ಹುಟ್ಟಿದ್ದೂ ಆ ಬಾಗಿಲ ಹಿಂದೆಯೇ.

ಅತ್ತೆ ಅಳಲಿಲ್ಲ. ಬೀದಿಯಲ್ಲೇ ಮಂಚದ ಮೇಲೆ ಕೂತು ಸ್ವಲ್ಪ ಹೊತ್ತು ಏನೋ ಗುನುಗಿದಳು. ನಾನು ಸ್ತೋತ್ರ ಎಂದುಕೊಂಡು ಕಿವಿಗೊಟ್ಟೆ. ಬೋರ್ಡಿನ ಸಾಲು. ಒಂದೇ ಸಲ ಕೇಳಿದ್ದು, ಅಕ್ಷರ ತಪ್ಪದೆ ಹಾಡುತ್ತಿದ್ದಳು. ಗೂಡು ಕಟ್ಟಿದ ಯಾವ ಜೀವವನ್ನೂ ಎಬ್ಬಿಸಬಾರದು, ಸರ್ಕಾರದ ಅಪ್ಪಣೆ.

"ಒಬೆಡಾ, ಸುತ್ತಿಗೆ ತಗಂಬಾ," ಎಂದಳು.

ಒಬೆಡ್ ಕೈಗಾಡಿ ತಂದ. ನಾನು ಚೀಲವನ್ನು ಸಾಲಿನಲ್ಲೇ ಬಿಟ್ಟು ಬಂದೆ. ಹತ್ತಿ ಗಿಡಗಳ ತುಂಬ ಬೆಳ್ಳಗೆ ಬಿರಿದು ಕೂತಿದ್ದ ದಿನ ಅದು, ಸಾಲು ಬಿಡುವುದೆಂದರೆ ದಣಿಯ ಗಂಟಲಿಗೇ ಕೈ ಹಾಕಿದಂತೆ. ನಮ್ಮ ಹಿಂದೆ ಇನ್ನೂ ಏಳೆಂಟು ಜನ ಸಾಲು ಬಿಟ್ಟರು. ಒಬ್ಬಳು ಹಳೆಯ ತಗಡು ಹೊತ್ತು ತಂದಳು, ಇನ್ನೊಬ್ಬ ಇಗರ್ಜಿಯ ಮುರಿದ ಬೆಂಚು. ಅತ್ತೆಯ ಗಂಡನ ಮಣ್ಣಿಗೂ ನನ್ನ ಮಗಳ ಮಣ್ಣಿಗೂ ನಡುವೆ, ಯಾರ ಕಪ್ಪನ್ನೂ ತುಳಿಯದಂತೆ ನಾಲ್ಕು ಕಂಬ ನೆಟ್ಟೆವು. ಎಲ್ಲೆಲ್ಲಿ ಯಾರಿದ್ದಾರೆ ಎಂದು ಅತ್ತೆ ಕೈ ತೋರಿಸಿ ಹೇಳುತ್ತಿದ್ದಳು. ಇವಳ ತಲೆ ಇಲ್ಲಿ, ಇವನ ಕಾಲು ಅಲ್ಲಿ, ಸ್ವಲ್ಪ ಸರಿಯಿರಿ.

ಮಧ್ಯಾಹ್ನ ದಾಟಿತ್ತು. ಎಲೆಗಳ ಸಂದಿಯಲ್ಲಿ ಮೊದಲು ನೋಡಿದವನು ಒಬೆಡ್. ಕಾಡಿನಂಚಿನಲ್ಲಿ ದಣಿ, ಎರಡು ನಾಯಿ, ಜೊತೆಗೆ ದುರ್ಬೀನು ಸಾಹೇಬ. ಮುದುಕಿ ನಿಮ್ಮ ಹಕ್ಕಿಗೆ ತೊಂದರೆ ಕೊಡುತ್ತಿದ್ದಾಳೆ, ಬಂದು ನೋಡಿ ಎಂದು ಅವನನ್ನೂ ಎಳೆದು ತಂದಿದ್ದ. ನಮ್ಮ ಕೈಗಳೆಲ್ಲ ನಿಂತವು. ನಾನು ಹಲಗೆಯ ಮೇಲೆ ಮೊಳೆ ಹಿಡಿದುಕೊಂಡಿದ್ದೆ. ಒಬೆಡ್ ಎತ್ತಿದ ಸುತ್ತಿಗೆಯನ್ನು ತಡೆಯಲಾರದೆ ಇಳಿಸಿದ. ಟಕ್, ಟಕ್. ಪುಟಿದು ಎರಡು ಪೆಟ್ಟು.

ಸಾಹೇಬ ನಿಂತಲ್ಲೇ ನಿಂತ. ಕೈ ಎತ್ತಿ ದಣಿಯ ಎದೆಗೆ ಅಡ್ಡ ಹಿಡಿದ.

"ಕೇಳಿದಿರಾ? ಎರಡೇ ಪೆಟ್ಟು," ಎಂದು ಪಿಸುಗುಟ್ಟಿದ್ದು ಗಾಳಿಯಲ್ಲಿ ನಮಗೂ ಬಂತು. "ಅದು ಹಾಗೆಯೇ ಕುಟ್ಟುವುದು. ಅಲುಗಬೇಡಿ. ಒಂದು ಮಾತೂ ಆಡಬೇಡಿ."

ದಣಿ ಬಾಯಿ ತೆರೆದ. ಸಾಹೇಬ ತುಟಿಯ ಮೇಲೆ ಬೆರಳಿಟ್ಟು, ನಾಯಿಗಳ ಬಾಯಿ ಹಿಡಿಯುವಂತೆ ಸನ್ನೆ ಮಾಡಿದ. ಮೂರು ಹಳ್ಳಿಯ ಒಡೆಯ ಸ್ಟ್ರೌಡ್ ದಣಿ ಪಾದ ಮುಳುಗುವ ಕೆಸರಿನಲ್ಲಿ ಮಂಡಿಯೂರಿ, ಎರಡು ಕೈಯಲ್ಲಿ ಎರಡು ನಾಯಿಗಳ ಮೂತಿ ಹಿಡಿದು, ಬಾಯಿ ಮುಚ್ಚಿ ಕೂತ. ಸೊಳ್ಳೆಗಳು ಅವನ ಬೋಳು ನೆತ್ತಿಯ ಮೇಲೆ ಇಳಿದವು.

ಸಾಹೇಬ ಇವತ್ತಲ್ಲ ನಾಳೆ ಒಳಗೆ ಬಂದೇ ಬರುತ್ತಾನೆ. ಅದು ನಮಗೆಲ್ಲ ಗೊತ್ತಿತ್ತು. ಒಬೆಡ್ ಅತ್ತೆಯ ಮುಖ ನೋಡಿದ. ಅತ್ತೆ ಕಣ್ಣು ಮುಚ್ಚಿಕೊಂಡು, ಮನೆ ಕಟ್ಟುವುದು ಪಾಪವೆಂದು ಎಲ್ಲೂ ಬರೆದಿಲ್ಲ ಎಂದು ಉಸಿರಲ್ಲೇ ಹೇಳಿದಳು.

ನಾನು ಇನ್ನೊಂದು ಮೊಳೆ ತೆಗೆದು ನೆಟ್ಟಗೆ ಹಿಡಿದೆ.