ಕರಿ ಹಿಂಡಿಯ ಇಡ್ಲಿ ಪ್ಲೇಟು

ಮರಾಠಿ ಸೀಮೆಯ ಸಯನ್ನಿನ ನಮ್ಮ ಕಾಲೇಜಿನಲ್ಲಿ ಪ್ರಿನ್ಸಿಪಾಲರ ನೋಟೀಸು ಬಿದ್ದ ಮೇಲೆ ಕ್ಯಾಂಟೀನಿನ ಇಡ್ಲಿಗೆ ಬೇಡಿಕೆ ಹೆಚ್ಚಿತು. ಪ್ಯಾಲೆಸ್ತೀನಿನ ಜನರ ಪರವಾಗಿ ಹುಡುಗರು ಗೇಟಿನ ಮೆಟ್ಟಿಲ ಮೇಲೆ ಕೂತಿದ್ದರು. ಧ್ವಜ, ಬೋರ್ಡು, ಘೋಷಣೆ ಯಾವುದೂ ಕೂಡದು, ಹುಡುಗರ ಜೊತೆ ಕೂತ ಸಿಬ್ಬಂದಿ ನೌಕರಿ ಮರೆಯಬಹುದು ಎಂದಿತ್ತು ನೋಟೀಸು.

ಇತಿಹಾಸ ಕಲಿಸುವ ವಿನೋದಿನಿ ಮೇಡಂ ಅವರ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಮೆಟ್ಟಿಲ ತನಕ ಹೋಗುವರು, ಚಪ್ಪಲಿ ಸರಿಮಾಡಿಕೊಳ್ಳುವವರಂತೆ ಬಗ್ಗುವರು, ತಿರುಗಿ ಬರುವರು. ಕ್ಯಾಂಟೀನಿನ ಕೌಂಟರಿನ ಹಿಂದೆ ತಿಂಡಿ ಕೊಡುತ್ತ ನಾನು ಎಲ್ಲ ನೋಡುತ್ತಿದ್ದೆ.

ಒಂದು ಬೆಳಿಗ್ಗೆ ಮೂಲೆಯಲ್ಲಿ ಕೂತು ನನ್ನ ತಿಂಡಿ ತಿನ್ನುತ್ತಿದ್ದೆ. ತಾಟಿನ ನಡುವೆ ಬಿಳಿ ಇಡ್ಲಿಯ ಸಾಲು, ಕೆಳಗೆ ಕೊತ್ತಂಬರಿಯ ಹಸಿರು ಚಟ್ನಿ, ಎಡಕ್ಕೆ ಕೆಂಪು ಚಟ್ನಿ, ಮೇಲೆ ಅವ್ವ ಕುಟ್ಟಿಕೊಟ್ಟ ಗುರೆಳ್ಳಿನ ಕರಿ ಹಿಂಡಿ, ಅಂದರೆ ಚಟ್ನಿಪುಡಿ. ನಮ್ಮ ವಿಜಯಪುರದ ಕಡೆ ಹಿಂಡಿಯಿಲ್ಲದೆ ತುತ್ತು ಇಳಿಯುವುದಿಲ್ಲ. ಮೇಡಂ ನನ್ನ ತಾಟು ನೋಡಿ ನಿಂತೇಬಿಟ್ಟರು.

“ಸಪ್ನಾ, ಇದು ಪ್ಯಾಲೆಸ್ತೀನಿನ ಫ್ಲ್ಯಾಗ್ ಅಲ್ವೇನೇ?”

“ಇಲ್ರಿ ಮೇಡಂ, ನಾಷ್ಟಾ ಐತ್ರಿ.”

“ಮುಝೇ ಭೀ ಏಕ್. ಸೇಮ್ ಟು ಸೇಮ್ ಬೇಕು.”

ಮರುದಿನ ಅದೇ ಪ್ಲೇಟಿಗಾಗಿ ಸ್ಟಾಫ್ ರೂಮೇ ಇಳಿದು ಬಂತು. ಲೈಬ್ರರಿಯ ಶೆಟ್ಟೆಪ್ಪ ಸರ್ ಆ ಪ್ಲೇಟನ್ನು ಎರಡೂ ಕೈಯಲ್ಲಿ ಹಿಡಿದು, ದೇವರನ್ನು ಹೊತ್ತವರಂತೆ ಮೆಟ್ಟಿಲ ಮುಂದೆ ಹಾದುಹೋದರು. ಹುಡುಗರು ಎದ್ದು ನಿಂತು ಇಡ್ಲಿಗೆ ಚಪ್ಪಾಳೆ ತಟ್ಟಿದರು.

ಕ್ಯಾಂಟೀನ್ ನಡೆಸುವ ಉಡುಪಿಯ ಧನರಾಜಣ್ಣ ಉಬ್ಬಿಹೋದರು. “ಕಂಡಿಯಾ ನಮ್ಮ ಇಡ್ಲಿಯ ಗಮ್ಮತ್ತು? ಆದ್ರೆ ಆ ನಿನ್ನ ಕರಿ ಮಸಿ ಎಂತಕ್ಕೆ ಮಾರಾಯ್ತಿ? ಪ್ಲೇಟು ಗಲೀಜು ಕಾಣ್ತದೆ.”

ನಾನು ತಲೆ ತಗ್ಗಿಸಿ ತಾಟು ತೊಳೆಯತೊಡಗಿದೆ. ಮೇಡಂ ಹತ್ತಿರ ಮಾತ್ರ ಒಮ್ಮೆ ಕೇಳಿದೆ: “ಅಲ್ಲಿ ಮಂದಿ ಉಪವಾಸ ಅದಾರಂತ. ನಾವ್ ತಿಂದ್ರ ಅವರಿಗೇನ್ ಬಂತ್ರಿ?”

ಅವರು ಕೈಯ ತುತ್ತನ್ನು ಪ್ಲೇಟಿಗೆ ಇಳಿಸಿದರು. “ಏನೂ ಇಲ್ಲ. ಹುಡುಗರ ಪಕ್ಕ ಕೂರೋ ಹಿಮ್ಮತ್ ಇಲ್ಲ, ಅದಕ್ಕೇ ಇಡ್ಲಿ ತಿಂತಿದ್ದೀನಿ.”

ಶುಕ್ರವಾರ ಪ್ರಿನ್ಸಿಪಾಲರೇ ಕ್ಯಾಂಟೀನಿಗೆ ಬಂದರು. ನೋಡಿದಲ್ಲೆಲ್ಲ ಅದೇ ಪ್ಲೇಟು. ಗಾಬರಿಯಲ್ಲಿ ಶೆಟ್ಟೆಪ್ಪ ಸರ್ ನಾಲ್ಕೂ ಬಣ್ಣ ಕಲಸಿ ಬಾಯಿಗೆ ತುರುಕಿದರು.

“ಸಬ್ ಯಹೀ ಖಾತೇ ಹೈಂ? ಏಕ್ ಮುಝೇ ಭೀ ದೇ,” ತಮಗೂ ಅದೇ ಬೇಕೆಂದರು ಪ್ರಿನ್ಸಿಪಾಲರು.

ಹಿಂಡಿ ಬಿಟ್ಟು ಕೊಡಬಹುದಿತ್ತು. ಮೇಡಂ ದೂರದಿಂದ ಕಣ್ಣಲ್ಲೇ ಬೇಡ ಬೇಡ ಎನ್ನುತ್ತಿದ್ದರು. ಆದರೆ ಕೈಗೆ ರೂಢಿಯಾಗಿತ್ತು. ನೋಡನೋಡುತ್ತಲೇ ಪೂರ್ತಿ ಧ್ವಜ ಪ್ರಿನ್ಸಿಪಾಲರ ಕೈ ಸೇರಿತು.

ಅವರು ಪ್ಲೇಟನ್ನು ದಿಟ್ಟಿಸಿದರು. ಇದನ್ನು ಯಾರು ಕಲಿಸಿದರು ಎಂದು ಮರಾಠಿಯಲ್ಲಿ ಕೇಳಿದರು.

“ಆಯೀನೇ,” ಎಂದೆ. ನಿಜವೇ ಅಲ್ಲವೇ, ಅವ್ವನೇ ಕಲಿಸಿದ್ದು.

ಕರಿಯದರಲ್ಲೇ ಬೆರಳು ಅದ್ದಿ ನೆಕ್ಕಿದರು. “ಅರೇ! ಕಾರಳ್ಯಾಚಿ ಚಟ್ಣಿ! ಮಾಝೀ ಆಜೀ ಕರಾಯ್‌ಚೀ!” ಗುರೆಳ್ಳಿನ ಇದೇ ಚಟ್ನಿಯನ್ನು ಸೊಲ್ಲಾಪುರದಲ್ಲಿ ಅವರ ಅಜ್ಜಿ ಮಾಡುತ್ತಿದ್ದಳಂತೆ. ಕಣ್ಣು ಒದ್ದೆಯಾದವು, ಖಾರಕ್ಕೋ ಅಜ್ಜಿಗೋ. ಪ್ಲೇಟು ಒರೆಸಿದಂತೆ ತಿಂದು, ಸೋಮವಾರ ಟ್ರಸ್ಟಿಗಳ ಮೀಟಿಂಗಿಗೂ ಇದೇ ನಾಷ್ಟಾ, ಹೀಗೇ ಜೋಡಿಸಿರಬೇಕು ಎಂದು ಹೇಳಿ ಹೊರಟರು.

“ಆ ಕಪ್ಪು ಚಟ್ನಿ ನಮ್ಮ ಸ್ಪೆಷಲ್, ಸರ್!” ಎಂದು ಧನರಾಜಣ್ಣ ಬಾಗಿಲ ತನಕ ಓಡಿದರು.

ವಿನೋದಿನಿ ಮೇಡಂ ಮೇಜಿಗೆ ಹಣೆ ಹಚ್ಚಿ ನಕ್ಕರು. ಆಮೇಲೆ ಒಂದು ಪ್ಲೇಟು ಇಸಿದುಕೊಂಡು ಗೇಟಿನತ್ತ ನಡೆದರು. ಈ ಸಲ ಚಪ್ಪಲಿ ಸರಿಮಾಡಲಿಲ್ಲ. ಹುಡುಗರ ನಡುವೆ ಕೂತೇಬಿಟ್ಟರು. ವಾಚ್‌ಮನ್ ಓಡಿ ಬಂದು ನೋಟೀಸಿನತ್ತ ಕೈ ತೋರಿಸಿದ. ಮೇಡಂ ಪ್ಲೇಟು ತೋರಿಸಿ, “ಸಾಹೇಬರು ತಿಂದದ್ದೇ,” ಎಂದರು. ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ.

ನೀರು ಕೊಡುವ ನೆಪದಲ್ಲಿ ಹೋಗಿ ಪಿಸುಗುಟ್ಟಿದೆ: “ಮೇಡಂ, ನಿಮ್ ನೌಕರಿ?”

“ಅದೂ ಸೋಮವಾರದ ಮೀಟಿಂಗಲ್ಲೇ ಡಿಸೈಡ್. ತೆಗೆದುಹಾಕೋರ ಕೈಯಲ್ಲೂ ಈ ಪ್ಲೇಟೇ ಇರುತ್ತಲ್ಲ, ಸಾಕು ಬಿಡು.” ನಗುತ್ತಲೇ ಹೇಳಿದರು. ಪ್ಲೇಟಿನ ಇಡ್ಲಿ ಮಾತ್ರ ಮುಟ್ಟಲಿಲ್ಲ.

ಹಿಂದಿನಿಂದ ಧನರಾಜಣ್ಣ ಕೂಗಿದರು: “ಸಪ್ನಾ, ಸೋಮವಾರಕ್ಕೆ ಆ ಮಸಿ ಜಾಸ್ತಿ ಕುಟ್ಲಿಕ್ಕೆ ಹೇಳು ನಿನ್ನ ಅಮ್ಮನಿಗೆ!”

“ಹಿಂಡಿ ಅನ್ರಿ ಅಣ್ಣಾ,” ಎಂದೆ. ಅಷ್ಟು ಜೋರಾಗಿ ನಾನು ಅಲ್ಲಿ ಎಂದೂ ಮಾತಾಡಿರಲಿಲ್ಲ.