ಖಾಲಿ ಉಳಿದ ಎರಡು ಕುರ್ಚಿ

ಏಳು ಕಡಲು ದಾಟುವುದೇನೂ ಬೇಡ. ಮುಂಬಯಿಯ ಬೊರಿವಲಿ ಸ್ಟೇಷನ್ನಿನಲ್ಲಿ ಇಳಿದು ಒಂದಿಷ್ಟು ನಡೆದರೆ ಸಾಕು, ಅಲ್ಲೊಬ್ಬ ರಾಜನಿದ್ದ. ಅವನಿಗೊಂದು ಮೇಜು, ಮೇಜಿನ ಮೇಲೊಂದು ಗಂಟೆ, ಗಂಟೆ ಬಾರಿಸಿದರೆ ಓಡಿ ಬರಲು ಒಬ್ಬ ಜವಾನ. ಮೇಜಿನ ಈಚೆ, ಬಂದವರಿಗೆಂದು ಬೆತ್ತ ಹೆಣೆದ ಎರಡು ಕುರ್ಚಿ. ಒಂದು ದಿನ ಆ ರಾಜ ಖಾಲಿ ಕುರ್ಚಿಗಳನ್ನು ನೋಡಿದ, ನೆಲವನ್ನು ನೋಡಿದ, ಆಮೇಲೆ ಹೊಟ್ಟೆ ಕುಣಿಸುತ್ತ ನಕ್ಕ.

"ಇದೇನ್ರೋ, ಪಂಗ್ತಿಗೆ ಕುಂತ್ಹಾಂಗ ಕುಂತೀರಲ್ಲ! ಎಲಿ ಹಾಕಸ್ಲೇನು?"

ರಾಜನೆಂದರೆ ದೊಡ್ಡ ಶಾಲೆಯ ಹೆಡ್‌ಮಾಸ್ತರರು, ಧಾರವಾಡದ ಕಡೆಯವರು. ನೆಲದ ಮೇಲೆ ಕೂತವರು ಸುಂದ್ರವ್ವ ಮತ್ತು ಅವಳ ಗಂಡ ಮರೆಪ್ಪ. ಕಲಬುರ್ಗಿ ಸೀಮೆಯಿಂದ ಬಂದು ಏಳುತ್ತಿರುವ ಬಿಲ್ಡಿಂಗುಗಳಿಗೆ ಕಲ್ಲು, ಗಾರೆ ಹೊರುವವರು. ಕೆಳಗೆ ಕೂಡಿರೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಊರಲ್ಲಿ ಗೌಡರ ಕಟ್ಟೆಯ ಮುಂದೆ, ಇಲ್ಲಿ ಕೂಲಿಯವರ ಮೇಸ್ತ್ರಿ ಮುಕಾದಮನ ಮುಂದೆ ಮಡಚಿ ಮಡಚಿ ರೂಢಿಯಾದ ಮೊಣಕಾಲು, ಸಾಹೇಬರ ಮುಖ ಕಂಡದ್ದೇ ತಾವಾಗಿಯೇ ಮಡಚಿಕೊಂಡಿದ್ದವು.

ಇಬ್ಬರ ನಡುವೆ ಮಗಳು ಕಸ್ತೂರಿ ನಿಂತಿದ್ದಳು. ಮುನ್ಸಿಪಾಲ್ಟಿ ಶಾಲೆಯಲ್ಲಿ ನಾಲ್ಕನೆಯದು ಮುಗಿಸಿ, ಇಲ್ಲಿ ಐದನೆಯದಕ್ಕೆ ಪರೀಕ್ಷೆ ಬರೆದವಳು. ಈಗ ಬಾಯಿಮಾತಿನ ಸರದಿ. ಬಾಗಿಲಲ್ಲಿ ಕಾಯುತ್ತಿದ್ದ ಬೇರೆ ಮಕ್ಕಳ ತಾಯಂದಿರು ಸೆರಗಿನಲ್ಲಿ ನಗು ಒತ್ತಿಕೊಂಡರು. ಕಸ್ತೂರಿ ಅಪ್ಪನ ನೆತ್ತಿ ನೋಡಿದಳು, ಅವ್ವನ ನೆತ್ತಿ ನೋಡಿದಳು. ಕೇಳಿದ ಒಂದು ಪ್ರಶ್ನೆಗೂ ತುಟಿ ಬಿಚ್ಚಲಿಲ್ಲ.

"ಬರದದ್ದು ಛಲೋ ಅದ. ಬಾಯಿನs ಇಲ್ಲ ಹುಡಿಗೀಗೆ," ಎಂದರು ಹೆಡ್‌ಮಾಸ್ತರರು. "ಉಳಿದ ಸೀಟಿಗೆ ಬರೋ ಶನಿವಾರ ಮತ್ತ ಕರೀತೀವಿ. ಬೇಕಾದ್ರ ಬರ್ರಿ. ನಿಮ್ಮಂಥವರಿಗೆ ಇಷ್ಟು ಕೊಡೋದs ಹೆಚ್ಚು."

ಅವರು ಹೊಸ್ತಿಲು ದಾಟುವ ಮೊದಲೇ ಜವಾನ ಕೂತ ಜಾಗಕ್ಕೆ ಫಿನಾಯಿಲ್ ಸುರಿದ.

ಸಂಜೆ ತಗಡಿನ ಗುಡಿಸಲಲ್ಲಿ ಸುಂದ್ರವ್ವ ರೊಟ್ಟಿ ಬಡಿಯುತ್ತಿದ್ದಳು. ಮರೆಪ್ಪ ಗೋಡೆಗೆ ಮುಖ ಮಾಡಿ ಬೀಡಿ ಹಚ್ಚಿದ.

"ಸಾಕು ಬಿಡು. ಒಮ್ಮಿ ಉಗುಳಿಸ್ಕೊಂಡದ್ದು ಸಾಲದೇನು? ಮುನ್ಸಿಪಾಲ್ಟಿ ಸಾಲಿ ಏನ್ ಸತ್ತದೇನು?"

"ಅದು ಏಳಕ್ಕ ಮುಗೀತದ. ಆಮ್ಯಾಲ ನನ್ ಬುಟ್ಟಿನs ಅಕಿ ತಲಿಮ್ಯಾಲ."

"ಹೊರ್ಲಿ. ನೀ ಹೊತ್ತು ಸತ್ತಿಯೇನು?"

"ಬದುಕೀನೇನು?"

ಮೂಲೆಯಿಂದ ಕಸ್ತೂರಿಯ ದನಿ ಬಂತು. "ಮುಝೆ ನಹೀ ಜಾನಾ. ನಾ ಹೋಗಾಂಗಿಲ್ಲ."

"ಯಾಕವ್ವ?" ಸುಂದ್ರವ್ವ ಕೇಳಿದಳು. "ಕೇಳಿದ್ದು ಬರ್ತಿದ್ದಿಲ್ಲೇನು?"

"ಎಲ್ಲಾ ಬರ್ತಿತ್ತು."

"ಮತ್ತ ಯಾಕ ಬಾಯಿ ಬಿಡಲಿಲ್ಲ?"

ಹುಡುಗಿ ತಗಡಿನ ತುಕ್ಕನ್ನು ಉಗುರಿನಿಂದ ಕೆರೆದಳು. "ನೀವ್ಯಾಕ ನೆಲಕ್ಕ ಕುಂತ್ರಿ? ಯಾರೂ ಕುಂದ್ರಂದಿದ್ದಿಲ್ಲ. ನನಗ ನಾಚಿಕಿ ಬಂತು." ಇನ್ನೂ ಮೆಲ್ಲಗೆ, "ನಿಮ್ ಮ್ಯಾಲ ಬಂತು, ಅವ್ವಾ."

ಹೊಡೆಯಲೆಂದು ಎದ್ದ ಮರೆಪ್ಪನ ಕೈ ಅರ್ಧದಲ್ಲೇ ಇಳಿಯಿತು. ಹಂಚಿನ ಮೇಲೆ ರೊಟ್ಟಿ ಕರಕಾಯಿತು. ಮುಕಾದಮ ಮೈಮೇಲೆ ಏರಿ ಬಂದಾಗಲೂ, ಕಂತ್ರಾಟುದಾರ ತಾಯಿ ಹಿಡಿದು ಬೈದಾಗಲೂ ಸುಂದ್ರವ್ವ ಅತ್ತವಳಲ್ಲ. ಈಗಲೂ ಅಳಲಿಲ್ಲ. ಮುಖ ಮಾತ್ರ ಒಲೆಯ ಮುಂದಿಟ್ಟ ತಗಡಿನಂತೆ ಸುಟ್ಟಿತು. ಸಣ್ಣವಳಿದ್ದಾಗ, ಗೌಡರ ದನದ ಕೊಟ್ಟಿಗೆಯಲ್ಲಿ ತಂಗಳಿಗೆ ಸೆರಗೊಡ್ಡಿ ಕೂತಿದ್ದ ತನ್ನ ಅವ್ವನನ್ನು ಕಂಡು, ಅವಳು ನನ್ನವಳಲ್ಲ ಎನ್ನುವಂತೆ ಬೇರೆ ದಾರಿ ಹಿಡಿದು ಓಡಿದ್ದು ನೆನಪಾಯಿತು. ಅದನ್ನವಳು ಯಾರಿಗೂ ಹೇಳಿರಲಿಲ್ಲ. ಮಗಳು ಹೇಳಿಬಿಟ್ಟಳು.

"ಈ ಸಲ ಖುರ್ಚಿಮ್ಯಾಲ ಕುಂದರ್ತೀನಿ," ಎಂದಳು ಸುಂದ್ರವ್ವ. "ಕುಂತ್ರ ಮಾತಾಡ್ತಿಯಾ?"

"ಹ್ಞೂಂ."

"ಆಣಿ ಮಾಡು."

"ನೀ ಮೊದ್ಲ ಕುಂದ್ರು."

ಮರೆಪ್ಪ ಗೋಡೆ ಬಿಟ್ಟು ತಿರುಗಲಿಲ್ಲ. "ನಾ ಬರಾಂಗಿಲ್ಲ. ಮಗಳ ಮುಂದ ಎರಡ್ ಸಲ ಸಾಯೋದು ನನ್ ಕೈಲಿ ಆಗಾಂಗಿಲ್ಲ."

ಶನಿವಾರ ಮುಕಾದಮ ಬಸವಂತಪ್ಪ ದಾರಿಗಡ್ಡ ನಿಂತ. "ಎಲ್ಲಿಗಿ ಸವಾರಿ? ಮಗಳನ್ನ ಕಲೆಕ್ಟರ್ ಮಾಡ್ಲಿಕ್ಕೇನು? ಸೂಳೀಮಕ್ಳು ಎಲ್ಲಾ ಸಾಲಿಗಿ ಹೋದ್ರ ಬುಟ್ಟಿ ನಿಮ್ಮಪ್ಪ ಹೊರ್ತಾನೇನು?"

"ನಮ್ಮಪ್ಪ ಹೊತ್ತs ಸತ್ತಾನ. ಇವತ್ತೊಂದಿನ ನೀ ಹೊರು," ಎಂದು ಸುಂದ್ರವ್ವ ಮಗಳ ಕೈ ಹಿಡಿದು ನಡೆದಳು.

ಕೋಣೆಯೊಳಗೆ ಕುರ್ಚಿಗಳಿರಲಿಲ್ಲ.

"ಬಂದ್ಯಾ?" ಹೆಡ್‌ಮಾಸ್ತರರು ಪ್ರೀತಿಯಿಂದಲೇ ನಕ್ಕರು. "ನಿಮಗ ಕೆಳಗs ಆರಾಮ ಅಂತ ಖುರ್ಚಿ ತಗಿಸೀನಿ ನೋಡು. ಕೂಡು, ಕೂಡು."

ಸುಂದ್ರವ್ವನ ಮೊಣಕಾಲು ಆಗಲೇ ಒಂದಿಷ್ಟು ಬಾಗಿದ್ದವು. ಕಸ್ತೂರಿ ಮುಖ ತಿರುಗಿಸಿ ಗೋಡೆ ನೋಡಿದಳು. ಬಾಗಿದ ಕಾಲು ಅಲ್ಲೇ ನಿಂತವು, ನೆಟ್ಟಗಾದವು. ಸುಂದ್ರವ್ವ ತಿರುಗಿ ಹೊರಗೆ ಹೋದಳು. ಅವ್ವ ಓಡಿಹೋದಳೆಂದೇ ಕಸ್ತೂರಿ ತಿಳಿದಳು.

ವರಾಂಡದಲ್ಲಿ ನೈಲಾನ್ ಸೀರೆಯ ಹೆಂಗಸೊಬ್ಬಳು ಪಕ್ಕದ ಬೆತ್ತದ ಕುರ್ಚಿಯ ಮೇಲೆ ಚೀಲವಿಟ್ಟು ಕೂತಿದ್ದಳು. ಸುಂದ್ರವ್ವ ಚೀಲ ತೆಗೆದು ಅವಳ ಮಡಿಲಿಗಿಟ್ಟಳು, ಕುರ್ಚಿ ಎತ್ತಿದಳು. ಹೊರೆ ಎತ್ತಿ ಗೊತ್ತಿದ್ದ ಕೈ ಅದನ್ನು ಸೀದಾ ತಲೆಯ ಮೇಲೆಯೇ ಇಟ್ಟವು. ಯಾರೋ ಕಿಸಕ್ಕೆಂದರು, ಆಮೇಲೆ ಎಲ್ಲರೂ ನಕ್ಕರು. ಕಾಲು ಮೇಲಾದ ಕುರ್ಚಿ ಹೊತ್ತು, ಆ ನಗುವಿನ ನಡುವೆಯೇ ಅವಳು ಒಳಗೆ ಬಂದಳು.

"ಏ ಬಾಈ, ರಖೋ! ರಖೋ!" ಕೆಳಗಿಡೆಂದು ಕೂಗುತ್ತ ಜವಾನ ಬೆನ್ನು ಹತ್ತಿದ.

"ಏನಿದು ಅಧಿಕಪ್ರಸಂಗ?" ಹೆಡ್‌ಮಾಸ್ತರರು ಗಂಟೆ ಬಾರಿಸಿದರು, ಜವಾನ ಆಗಲೇ ಅಲ್ಲಿದ್ದ.

ಸುಂದ್ರವ್ವ ಕುರ್ಚಿ ಇಳಿಸಿ ಮೇಜಿನ ಮುಂದಿಟ್ಟಳು. ಬೆನ್ನು ಎಲ್ಲಿಗೆ ಆನಿಸಬೇಕೆಂದು ತಿಳಿಯಲಿಲ್ಲ. ತುದಿಯಲ್ಲಿ ಕೂತಳು; ಬೆತ್ತ ಕಿರುಗುಟ್ಟಿತು, ಜಾರಿದಂತಾಯಿತು, ಮೇಜಿನ ಅಂಚು ಹಿಡಿದು ಹಿಂದಕ್ಕೆ ಸರಿದಳು. ಹಿಮ್ಮಡಿಯ ಸಿಮೆಂಟು ತೊಳೆದ ನೆಲದ ಮೇಲೆ ಉದುರಿತು. ನಾಚಿಕೆಯಿಂದ ಕಿವಿಯ ತನಕ ಉರಿಯುತ್ತಿದ್ದರೂ ಅವಳು ತಲೆ ತಗ್ಗಿಸಲಿಲ್ಲ.

"ಕುಂತೀನ್ರಿ," ಎಂದಳು. "ಈಗ ಕೇಳ್ರಿ ಅಕಿನ್ನ."