ಹಸಿದ ಕೌದಿಗಳ ಪಟ್ಟಿ

"ಹಸಿದ ಕೌದಿ ನಾ ಹೊಲಿಯಂಗಿಲ್ಲ! ಬೇಕಂದ್ರ ನಿಮ್ಮ ಆ ಲ್ಯಾಪ್‌ಟಾಪಿನ ಕೈಯಾಗ ಸೂಜಿ ಕೊಟ್ಟು ಹೊಲಸ್ಕೋರಿ!"

ಹೊಳೆವ್ವ ಹೊಸ ಕೌದಿಗಳ ಗಂಟನ್ನು ನೆಲಕ್ಕೆ ಕುಕ್ಕಿದಳು. ಶಿರಗುಪ್ಪಿಯಿಂದ ಮೊದಲ ಬಸ್ಸಿಗೆ ಬಂದವಳು ಇನ್ನೂ ನೀರು ಸಹ ಕುಡಿದಿರಲಿಲ್ಲ. ಅವಳ ಕಣ್ಣು ಮೇಜಿನ ಮೇಲಿನ ಸ್ಟೀಲ್ ತಟ್ಟೆಯಲ್ಲಿ ನೆಟ್ಟಿತ್ತು. ತಟ್ಟೆಯಲ್ಲಿ ಉಗುರಿನಷ್ಟು ರೊಟ್ಟಿಯ ಚೂರುಗಳಿದ್ದವು. ಬೆಲ್ಲ ಅಂಟಿ ಕಪ್ಪಾಗಿದ್ದವು. ಒಟ್ಟು ಮೂವತ್ತೆಂಟು. ಶಂಭುಲಿಂಗ ಎರಡು ಸಲ ಎಣಿಸಿದ್ದ.

"ಒದರಬ್ಯಾಡ ಹೊಳೆವ್ವಾ. ಕೌದ್ಯಾಗ ರೊಟ್ಟಿ ಇಡಬ್ಯಾಡ್ರಿ ಅಂತ ಮೂರು ತಿಂಗಳ ಹಿಂದನ ಹೇಳಿದ್ದೆ. ಹೂಂ ಅಂದಿದ್ದಿ."

"ಹೂಂ ಅಂದಿದ್ದೆ. ಓದಿದ ಮಾಸ್ತರು, ಎದುರು ಮಾತಾಡಬಾರದಂತ ಹೂಂ ಅಂದೆ. ಹಂಗಂತ ಕೌದಿನ ಉಪವಾಸ ಕಳಸ್ತಾರೇನ್ರಿ ಯಾರರ?"

ಹೊಳೆವ್ವನ ಜೊತೆ ಹೊಲಿಯುವ ಹೆಂಗಸರದು ಒಂದು ಪದ್ಧತಿ. ಕೌದಿಯ ಕೊನೆಯ ಮೂಲೆ ಮುಚ್ಚುವ ಮುನ್ನ ಬೆಲ್ಲ ಸವರಿದ ರೊಟ್ಟಿಯ ಚೂರೊಂದನ್ನು ಒಳಗಿಟ್ಟು ಹೊಲಿಯುತ್ತಾರೆ. ಅದು ಕೌದಿಯ ಹೊಟ್ಟೆ ತುಂಬಿಸುವುದು. ಹೊಟ್ಟೆ ತುಂಬದ ಕೌದಿ ಹೊದ್ದವರ ನಿದ್ದೆ ತಿನ್ನುತ್ತದಂತೆ. ಪುಣೆಯ ಗಿರಾಕಿಯೊಬ್ಬರ ನಿದ್ದೆಯನ್ನು ಮಾತ್ರ ಹೊಟ್ಟೆ ತುಂಬಿದ ಕೌದಿಯೇ ತಿಂದಿತ್ತು. ಮಂಚದ ಮೇಲೆ ಇರುವೆಯ ಸಾಲು ಕಂಡು ಅವರು ಮೂಲೆ ಬಿಚ್ಚಿದರು, ಫೋಟೋ ತೆಗೆದರು, ಆನ್‌ಲೈನ್ ಅಂಗಡಿಯ ಪುಟದಲ್ಲಿ ಹಾಕಿದರು, ಒಂದೇ ಸ್ಟಾರ್ ಕೊಟ್ಟು ಕೌದಿಯನ್ನು ವಾಪಸು ಕಳಿಸಿದರು.

ಅಂಗಡಿ ಶಂಭುಲಿಂಗನ ಹೆಂಡತಿ ರಾಜೇಶ್ವರಿಯದು. ಬಣ್ಣ ಆರಿಸುವವಳು, ಫೋಟೋ ತೆಗೆಯುವವಳು, ಗಿರಾಕಿಗಳ ಜೊತೆ ಮಾತಾಡುವವಳು ಅವಳು. ಕಾಲೇಜಿನಲ್ಲಿ ವಾಣಿಜ್ಯ ಕಲಿಸುವ ಕೆಲಸ ಬಿಟ್ಟ ಮೇಲೆ ಶಂಭುಲಿಂಗನ ಪಾಲಿಗೆ ಬಂದದ್ದು ದಾಸ್ತಾನಿನ ಪಟ್ಟಿ. ಅದರಲ್ಲಿ ಅವನು 'ಹೊಟ್ಟೆ' ಎಂಬ ಹೊಸ ಕಾಲಂ ಸೇರಿಸಿದ. ಇದೆ ಅಥವಾ ಇಲ್ಲ, ಎರಡೇ ಉತ್ತರ. ರಾಜೇಶ್ವರಿ ನಲವತ್ತೊಂದು ಕೌದಿಗೂ 'ಇಲ್ಲ' ಎಂದು ತುಂಬಿದಳು. ನಲವತ್ತೊಂದಕ್ಕೂ ಒಂದೇ ಉತ್ತರ ಬಂದರೆ ಅದು ಉತ್ತರವಲ್ಲ, ದಯೆ ಎಂದು ಅವನಿಗೆ ಅನಿಸಿತು. ಇವತ್ತು ನಸುಕಿನಲ್ಲೆದ್ದು ಬ್ಲೇಡು ಹಿಡಿದು ಅಷ್ಟೂ ಕೌದಿಗಳ ಮೂಲೆ ಕೊಯ್ದಿದ್ದ.

"ನನ್ನ ಮಾತು ನಂಬಲಿಲ್ಲಲ್ಲ ನೀವು?" ರಾಜೇಶ್ವರಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು.

"ನಂಬೂ ಮಾತಲ್ಲ ಇದು. ಪಟ್ಟಿ ಖರೇ ಇರಬೇಕು. ಮೂವತ್ತೆಂಟರಾಗ ಹೊಟ್ಟಿ ಇತ್ತು, ಮೂರರಾಗ ಇರಲಿಲ್ಲ."

"ಆ ಮೂರು ಯಾರು ಹೊಲಿದದ್ದು ಹೇಳ್ರಿ ನೋಡೂಣು."

ಶಂಭುಲಿಂಗ ಲ್ಯಾಪ್‌ಟಾಪಿನ ಪರದೆ ನೋಡಿದ. ಹೊಲಿದವರ ಹೆಸರಿನ ಕಾಲಂ ಅಲ್ಲಿರಲಿಲ್ಲ.

"ಹೆಸರು ಅಳಿಸಿ ಬಿಟ್ರೇನು?"

"ಅಳಿಸಿಲ್ಲ. ಮುಚ್ಚೇನಿ ಅಷ್ಟ. ನಿನ್ನ ವ್ಯೂದಾಗ ಐತಿ, ನನ್ನ ವ್ಯೂದಾಗ ಇಲ್ಲ. ಪಟ್ಟಿ ಒಂದ, ನೋಡವ್ರಿಗೆ ಏನು ಬೇಕೋ ಅಷ್ಟ ಕಾಣ್ತೈತಿ."

"ಆ ಮೂರು ಶರೀಫಾಬಿವು," ಎಂದಳು ಹೊಳೆವ್ವ. ಅಷ್ಟು ಸಿಟ್ಟಿನಲ್ಲೂ ಅವಳಿಗೆ ನಗು ತಡೆಯಲಾಗಲಿಲ್ಲ. "ಆಕಿ ರೊಟ್ಟಿ ಇಡಂಗಿಲ್ಲ, ಖಾರೀಕ ಇಡತಾಳ. ಅದೂ ಎದುರಿನ ಮೂಲ್ಯಾಗ. ನೀವು ಒಂದ ಮೂಲಿ ಕೊಯ್ದು ಶಾಣ್ಯಾರಾದ್ರಿ."

ಎದುರಿನ ಮೂಲೆ. ಶಂಭುಲಿಂಗನಿಗೆ ಅವಮಾನವಾಗಬೇಕಿತ್ತು. ಆದದ್ದು ಒಂದು ಸಣ್ಣ ಖುಷಿ. ತಪ್ಪು ಎಲ್ಲಿದೆಯೆಂದು ಗೊತ್ತಾದರೆ ತಿದ್ದಬಹುದು.

ರಾಜೇಶ್ವರಿ ಹತ್ತಿರ ಬಂದು ದನಿ ತಗ್ಗಿಸಿದಳು. "ನೋಡ್ರಿ, ಆಕಿ ಸಿಟ್ಟಿನಾಗ ಹೊಸ್ತಿಲ ದಾಟಿದ್ಲಂದ್ರ ಒಬ್ಬಾಕಿನೂ ನಮಗ ಹೊಲಿಯಂಗಿಲ್ಲ. ನಾನೂ ಈ ಮನ್ಯಾಗ ಇರಂಗಿಲ್ಲ. ತಪ್ಪಾತು ಅನ್ರಿ. ಒಂದ ಮಾತು."

ಒಂದು ಮಾತು. ಶಂಭುಲಿಂಗ ಹೊಳೆವ್ವನ ಕಡೆ ತಿರುಗಿದ. ಅವಳ ಬೆರಳ ತುದಿಗಳು ಸೂಜಿ ಚುಚ್ಚಿ ಚುಚ್ಚಿ ಜಾಲಿ ತೊಗಟೆಯಂತಾಗಿದ್ದವು. ಈ ಬೆರಳುಗಳಿಗೆ ತಪ್ಪಾತು ಎಂದು ಹೇಗೆ ಹೇಳಬೇಕೆಂದು ಅವನಿಗೆ ತಿಳಿಯಲಿಲ್ಲ. ಮಾತು ಗಂಟಲತನಕ ಬಂತು. ಬಾಯಿಂದ ಬೇರೆಯೇ ಬಿತ್ತು.

"ಚಾ ಕುಡದ ಹೋಗು."

ಹೊಳೆವ್ವ ಅವನನ್ನು ಕೆಟ್ಟ ಹೊಲಿಗೆ ನೋಡುವಂತೆ ನೋಡಿದಳು. "ನೀವರ ಮುಂಜಾನಿಂದ ಏನರ ತಿಂದೀರೋ ಇಲ್ಲೋ ಮಾಸ್ತರ?"

"ಇನ್ನೂ ಇಲ್ಲ," ಎಂದ.

ಹೊಳೆವ್ವ ಕಪಾಟಿನಲ್ಲಿದ್ದ ಸೂಜಿ ದಾರದ ಡಬ್ಬಿ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಗಂಟನ್ನು ರಾಜೇಶ್ವರಿ ಎತ್ತಿಕೊಂಡಳು. "ಅಕ್ಕನ್ನ ಬಸ್ ಹತ್ತಿಸಿ ಬರ್ತೇನಿ," ಎಂದಳು. ಈಗಷ್ಟೇ ಇರಂಗಿಲ್ಲ ಅಂದವಳು ಬರ್ತೇನಿ ಅಂದಳಲ್ಲ, ಜಗಳ ಮುಗಿಯಿತು ಎಂದುಕೊಂಡ. ಗೇಟು ಮುಚ್ಚಿದ ಸದ್ದು ಕೇಳಿದ ಮೇಲೆ ಮನೆ ಹಗುರಾಯಿತು.

ಅವನು ಅವಲಕ್ಕಿ ಕಲೆಸಿಕೊಂಡು ನಿಂತೇ ತಿಂದ. ಆಮೇಲೆ ಶರೀಫಾಬಿಯ ಮೂರು ಕೌದಿ ಹುಡುಕಿ ಎದುರಿನ ಮೂಲೆಯನ್ನೂ ಕೊಯ್ದ. ಮೂರು ಒಣ ಖರ್ಜೂರಗಳು ಸಿಕ್ಕವು. ತಟ್ಟೆಗೆ ಹಾಕಿದ. ನಲವತ್ತೊಂದಕ್ಕೆ ನಲವತ್ತೊಂದು. ಈಗ ಎಲ್ಲ ಕೌದಿಯ ಎದುರಿಗೂ ನಿಜವಾದ 'ಇಲ್ಲ' ಬರೆಯಬಹುದಿತ್ತು. ಬರೆದ.

ಇಷ್ಟು ನೆಮ್ಮದಿಯ ಹಗಲು ಅವನಿಗೆ ಬಹಳ ದಿನಗಳಿಂದ ಸಿಕ್ಕಿರಲಿಲ್ಲ. ಕಾಲೇಜಿನಲ್ಲಿ ಅರವತ್ತು ತಲೆಗಳ ಮುಂದೆ ಹದಿನೆಂಟು ವರ್ಷ ಮಾತಾಡಿದ್ದ. ಒಂದು ತಲೆಯೂ ಎತ್ತಿ ನೋಡಿರಲಿಲ್ಲ. ಪಟ್ಟಿ ಹಾಗಲ್ಲ. ಕೆಂಪು ಅಂದರೆ ಕೆಂಪು ಕೌದಿಗಳಷ್ಟೇ ಮೇಲೆ ಬರುತ್ತವೆ. ಜೋಡಿ ಮಂಚದ್ದು ಅಂದರೆ ತೊಟ್ಟಿಲಿನವು ತೆಪ್ಪಗೆ ಮರೆಯಾಗುತ್ತವೆ. ಯಾವುದೂ ಏಕೆ ಎಂದು ಕೇಳುವುದಿಲ್ಲ, ಮುಖ ಊದಿಸಿಕೊಳ್ಳುವುದಿಲ್ಲ.

ಅವನು ಪ್ಯಾಕಿಂಗಿಗೆ ಒಂದು ವ್ಯೂ ಮಾಡಿದ. ಅಳತೆ, ತೂಕ, ಯಾವ ಕಪಾಟು, ಅಷ್ಟೇ. ಆರು ತಿಂಗಳಿಂದ ಯಾರೂ ಕೊಳ್ಳದ ಕೌದಿಗಳಿಗೆ ಇನ್ನೊಂದು. ರಾಜೇಶ್ವರಿಯ ವ್ಯೂ ತೆರೆದು ನೋಡಿದ. ಫೋಟೋ, ಬಣ್ಣ, ಹೊಲಿದವರು, ಕೊನೆಗೆ 'ಏನು ಹೇಳಿದಳು' ಎಂಬ ಕಾಲಂ. ಅದು ಇರುವುದೇ ಅವನಿಗೆ ಗೊತ್ತಿರಲಿಲ್ಲ. 'ಸೊಸೆ ಬಸುರಿದ್ದಾಗ ಹೊಲಿದದ್ದು.' 'ನೀಲಿ ತುಂಡು ಸತ್ತ ತಂಗಿಯ ಕುಪ್ಪಸ.' ನಾಲ್ಕು ಸಾಲು ಓದಿದ. ಇಂಥದ್ದನ್ನು ವಿಂಗಡಿಸಲು ಬರುವುದಿಲ್ಲ. ಮುಚ್ಚಿದ.

ಮಧ್ಯಾಹ್ನ ಮೂರರ ಹೊತ್ತಿಗೆ ಕೊಯ್ದ ಮೂಲೆಗಳನ್ನು ಮತ್ತೆ ಹೊಲಿಯಬೇಕೆಂಬುದು ನೆನಪಾಯಿತು. ಮನೆಯೆಲ್ಲ ತಡಕಿದರೂ ಸೂಜಿ ಸಿಗಲಿಲ್ಲ. 'ಮೂಲೆ' ಎಂದು ಒಂದು ಕಾಲಂ ಸೇರಿಸಿ, ಎಲ್ಲಕ್ಕೂ 'ಬಿಚ್ಚಿದೆ' ಎಂದು ತುಂಬಿ, ಹೆಂಡತಿಗೆ ಫೋನು ಹಚ್ಚಿದ.

"ಎಲ್ಲದಿ?"

"ಶಿರಗುಪ್ಪ್ಯಾಗ."

"ಬಸ್ ಹತ್ತಿಸಿ ಬರ್ತೇನಿ ಅಂದಿದ್ದಿ."

"ಹತ್ತಿಸಿದೆ. ನಾನೂ ಹತ್ತಿದೆ."

ಆ ಕಡೆ ಹೆಂಗಸರು ಒಟ್ಟಿಗೆ ನಕ್ಕರು. ಯಾರೋ ಬಟ್ಟೆ ಹರಿದ ಸದ್ದು. ಯಾವುದಕ್ಕೆ ನಕ್ಕರೆಂದು ಕೇಳಬೇಕೆನಿಸಿತು.

"ಸೂಜಿ ಎಲ್ಲಿಟ್ಟಿ?" ಎಂದ.

"ಪಟ್ಟಿ ಸರಿ ಆತೇನ್ರಿ?"

"ಆಗಾಕತ್ತೇತಿ. ಇನ್ನೊಂದು ವ್ಯೂ ಬಾಕಿ."

"ಛಲೋ ಆತು," ಎಂದಳು. ಫೋನು ಇಟ್ಟಳು.

ಪಟ್ಟಿಯನ್ನು ಕೇಳಿದಳಲ್ಲ ಎಂದು ಅವನಿಗೆ ಸಮಾಧಾನವಾಯಿತು. ಸಿಟ್ಟು ಇಳಿದಿರಬೇಕು. ಮತ್ತೆ ಫೋನು ಮಾಡಲಿಲ್ಲ. ಸಂಜೆ ಐದಕ್ಕೊಂದು ಬಸ್ಸು, ಆರಕ್ಕೊಂದು ಬಸ್ಸು ಬಂದು ಹೋಗಿರಬೇಕು. ಗೇಟು ಸಪ್ಪಳ ಮಾಡಲಿಲ್ಲ.

ಉಳಿದದ್ದು ಗಿರಾಕಿಗಳಿಗೆ ಕಾಣುವ ವ್ಯೂ. 'ಮಾರಾಟಕ್ಕೆ ಸಿದ್ಧ' ಎಂದು ಹೆಸರಿಟ್ಟ. ಹೊಟ್ಟೆ ಇಲ್ಲದ್ದು ಮಾತ್ರ ಬರಲಿ ಎಂದ. ನಲವತ್ತೊಂದೂ ಬಂದು ನಿಂತವು. ಮೂಲೆ ಹೊಲಿದದ್ದು ಮಾತ್ರ ಬರಲಿ ಎಂದ.

ಸಾಲುಗಳು ಒಂದೇ ಸಲಕ್ಕೆ ಮಾಯವಾದವು. ಮೇಲೆ ಕಾಲಂಗಳ ಹೆಸರು, ಕೆಳಗೆ ಕಲೆಯಿಲ್ಲದ ಬಿಳುಪು. ಅವನ ಸುತ್ತ ಕೋಣೆಯ ತುಂಬ ಮೂಲೆ ಬಾಯ್ದೆರೆದ ಕೌದಿಗಳು ಬಿದ್ದಿದ್ದವು. ದೀಪ ಹಾಕುವುದು ಮರೆತಿತ್ತು. ಪರದೆಯ ಬೆಳಕು ಅವನ ಮುಖಕ್ಕೆ ಸಾಕಾಗಿತ್ತು.

ಶಂಭುಲಿಂಗ ಕುರ್ಚಿಗೆ ಒರಗಿದ. ಮೊಟ್ಟಮೊದಲ ಸಲ ಇಡೀ ಪಟ್ಟಿ ಒಂದೇ ಪರದೆಯಲ್ಲಿ ಹಿಡಿಸಿತ್ತು.